ನಕ್ಕೋ, ಬ್ಯಾಡ, ಕೋನಿ: ಸಂತೆಯಲ್ಲಿ ಸಿಕ್ಕ ‘ಇಲ್ಲ’ಗಳ ವಂಶಾವಳಿ

ಸವಣೂರಿನ ಸಂತೆಯಲ್ಲಿ ಕೇಳುವ ‘ನಕ್ಕೋ’ಗೆ ಲ್ಯಾಟಿನ್, ಗ್ರೀಕ್, ರಷ್ಯನ್ ಭಾಷೆಗಳಲ್ಲಿ ದಾಯಾದಿಗಳಿದ್ದಾರೆ. ಪಕ್ಕದಲ್ಲೇ ಕೇಳುವ ‘ಬ್ಯಾಡ್ರೀ’ಯದು ಬೇರೆಯದೇ ಮನೆತನ. ಹುಟ್ಟು ಬೇರೆಯಾದರೂ ಎರಡೂ ಮಾಡುವ ಕೆಲಸ ಮಾತ್ರ ಒಂದೇ! ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಕಾರಗಳ ಬೆನ್ನುಹತ್ತಿದರೆ ದಾರಿ ಅಶೋಕನ ಬಂಡೆಗೂ ಹೋಗುತ್ತದೆ, ಅಥೆನ್ಸಿಗೂ ಹೋಗುತ್ತದೆ.

ಫೆಬ್ರುವರಿಯ ಬಿಸಿಲು ಏರುವ ಮುನ್ನವೇ ಸವಣೂರಿನ ಸಂತೆ ತುಂಬಿರುತ್ತದೆ. ಒಂದು ಕಡೆ ಒದ್ದೆ ಗೋಣಿಚೀಲದ ಮೇಲೆ ವೀಳ್ಯದೆಲೆಯ ಕಟ್ಟುಗಳು, ಇನ್ನೊಂದು ಕಡೆ ಕೆಂಪು ಮೆಣಸಿನಕಾಯಿಯ ರಾಶಿ. ಎಲೆ ಮಾರುವವ ದರ ಕೂಗಿದ್ದೇ ತಡ, ಹತ್ತಿಮತ್ತೂರಿನ ಕಡೆಯಿಂದ ಬಂದ ಅಜ್ಜಿ ಸೊಂಟದ ಸಂಚಿಯನ್ನು ಮತ್ತೆ ಬಿಗಿದು ಹೇಳುತ್ತಾಳೆ: ‘ಇಷ್ಟ ತುಟ್ಟಿ ಆದ್ರ ಬ್ಯಾಡ್ ಬಿಡೋ ಯಪ್ಪಾ.’

ಅಜ್ಜಿಯ ಹಿಂದೆ ನಿಂತ ಟೋಪಿಯ ಹಿರಿಯರಿಗೂ ದರ ಹಿಡಿಸಿಲ್ಲ. ‘ಇತ್ತಾ ಮ್ಹೆಂಗಾ? ನಕ್ಕೋ ಭಾಯ್.’ ಆಚೆ ಬಳೆಯಂಗಡಿಯ ಮುಂದೆ ಹಟ ಹಿಡಿದ ಮಗಳಿಗೆ ತಾಂಡಾದ ತಾಯಿ ಒಂದೇ ಮಾತಿನಲ್ಲಿ ಉತ್ತರ ಮುಗಿಸುತ್ತಾಳೆ: ‘ಕೋನಿ.’ ಮೊಬೈಲ್ ಕವರ್ ನೋಡುತ್ತಿರುವ ಕಾಲೇಜು ಹುಡುಗ ‘ನೋ ನೋ, ಬ್ಲ್ಯಾಕ್ ಇದ್ರ ಕೊಡ್ರಿ’ ಎನ್ನುತ್ತಾನೆ.

ಕೂಗಳತೆಯೊಳಗೆ ನಾಲ್ಕು ನಿರಾಕರಣೆ. ಇವುಗಳಲ್ಲಿ ಮೂರು ಒಂದೇ ಬಳ್ಳಿಯವು. ಮಾರುವವನಿಗೆ ತಕ್ಷಣ ಅರ್ಥವಾಗುವ, ಊರಿನಲ್ಲಿ ಅತಿ ಹೆಚ್ಚು ಕೇಳುವ ‘ಬ್ಯಾಡ’ ಮಾತ್ರ ಆ ಬಳ್ಳಿಗೆ ಸೇರಿದ್ದಲ್ಲ.

ಫೆಬ್ರುವರಿ 21 ವಿಶ್ವ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರ ನೆನಪಿಗೆ ಯುನೆಸ್ಕೊ 1999ರಲ್ಲಿ ಘೋಷಿಸಿದ ದಿನವಿದು. ಅಂದು ವೇದಿಕೆಗಳಲ್ಲಿ ತಾಯ್ನುಡಿಯ ಸವಿ, ಸೊಗಸುಗಳ ವರ್ಣನೆ ನಡೆಯುತ್ತದೆ. ಮಗು ಅಮ್ಮ, ಅಪ್ಪ ಎನ್ನಲು ಕಲಿತ ಕೆಲವೇ ದಿನಗಳಲ್ಲಿ ಅದರ ಬಾಯಿಗೆ ಬರುವ ‘ಬ್ಯಾಡ’, ‘ಇಲ್ಲ’, ‘ಒಲ್ಲೆ’ಗಳನ್ನು ಯಾರೂ ಮಾತಿಗೆ ತೆಗೆದುಕೊಳ್ಳುವುದಿಲ್ಲ. ಭಾಷೆಯೊಂದರ ವಂಶವನ್ನೂ ಅದರ ಸಹವಾಸವನ್ನೂ ಒಟ್ಟಿಗೆ ತೋರಿಸಿಕೊಡುವುದು ಈ ಪುಟ್ಟ ಪದಗಳೇ.

ಒಂದು ‘ನ’, ನೂರು ದೇಶ

1786ರ ಫೆಬ್ರುವರಿ 2ರಂದು ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನಡುವಿನ ಹೋಲಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲ, ಇವೆಲ್ಲ ಯಾವುದೋ ಒಂದು ಮೂಲದಿಂದ ಹೊರಟಿರಬೇಕು ಎಂಬುದು ಅವರ ವಾದ. ಇಂಡೋ-ಯುರೋಪಿಯನ್ ಭಾಷಾಕುಟುಂಬದ ಅಧ್ಯಯನಕ್ಕೆ ವೇಗ ಬಂದದ್ದು ಅಲ್ಲಿಂದ.

ಆ ಕುಟುಂಬದ ಮೂಲಭಾಷೆಯನ್ನು ಯಾರೂ ಬರೆದಿಟ್ಟಿಲ್ಲ. ಮಕ್ಕಳು, ಮೊಮ್ಮಕ್ಕಳ ಮುಖ ನೋಡಿ ವಿದ್ವಾಂಸರು ಅದರ ಚಹರೆಯನ್ನು ಕಟ್ಟಿದ್ದಾರೆ. ಆ ಚಹರೆಯಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಗೆರೆಗಳಲ್ಲಿ ಒಂದು ‘ನೆ’ ಎಂಬ ನಕಾರ. ಸಂಸ್ಕೃತದ ‘ನ’, ಪರ್ಷಿಯನ್ನಿನ ‘ನ’, ರಷ್ಯನ್ನಿನ ‘ನ್ಯೆ’, ಲ್ಯಾಟಿನ್ನಿನ ‘ನೆ’, ಹಳೆಯ ಇಂಗ್ಲಿಷಿನ ‘ನೆ’, ಹಿಂದಿಯ ‘ನಹೀಂ’, ಮರಾಠಿಯ ‘ನಾಹೀ’, ಎಲ್ಲವೂ ಅದರ ಸಂತಾನ. ಸವಣೂರಿನ ‘ನಕ್ಕೋ’ದ ಮೊದಲಕ್ಷರವೂ ಅದೇ ‘ನ’. ರಾಜಸ್ಥಾನಿಯೊಂದಿಗೆ ಹತ್ತಿರದ ನಂಟಿರುವ ಲಂಬಾಣಿಯ ‘ಕೋನಿ’ಯಲ್ಲಿ ಆ ‘ನ’ಕಾರ ಬಾಲದಲ್ಲಿ ಕುಳಿತಿದೆ. ರಾಜಸ್ಥಾನದಲ್ಲಿ ಇಂದಿಗೂ ‘ಕೋನಿ’ ಎಂದೇ ಹೇಳುತ್ತಾರೆ.

ಮೂಲಭಾಷೆಗೆ ಇನ್ನೊಂದು ನಕಾರವೂ ಇತ್ತು. ಸಂಗತಿಯನ್ನು ಅಲ್ಲಗಳೆಯಲು ‘ನೆ’, ಕೆಲಸವನ್ನು ತಡೆಯಲು ‘ಮೇ’. ಗ್ರೀಕಿನಲ್ಲಿ ಅದು ‘ಮೇ’ ಆಗಿಯೇ ಉಳಿಯಿತು, ಸಂಸ್ಕೃತದಲ್ಲಿ ‘ಮಾ’ ಆಯಿತು, ಆರ್ಮೇನಿಯನ್ನಿನಲ್ಲಿ ‘ಮಿ’. ಕ್ರೌಂಚಪಕ್ಷಿಯನ್ನು ಹೊಡೆದುರುಳಿಸಿದ ಬೇಡನನ್ನು ಕಂಡು ವಾಲ್ಮೀಕಿಯ ಬಾಯಿಂದ ಹೊರಟ ಶ್ಲೋಕದ ಮೊದಲಕ್ಷರವೇ ಈ ‘ಮಾ’. ಬೇಡನಿಗೆ ಹೇಳಿದ ‘ಬೇಡ’ ಎಂದು ಕನ್ನಡದಲ್ಲಿ ಶ್ಲೇಷೆ ಮಾಡಬಹುದು!

ಕರ್ನಾಟಕದ ನೆಲದಲ್ಲಿ ಈ ಕುಟುಂಬದ ನಕಾರ ಯಾವಾಗಿನಿಂದ ಕಾಣುತ್ತದೆ? ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಉಪಾಸಕನಾದ ಮೇಲೂ ಒಂದು ವರ್ಷ ಹೆಚ್ಚಿನ ಶ್ರದ್ಧೆ ತೋರಲಿಲ್ಲ ಎಂದು ಚಕ್ರವರ್ತಿ ಅದರಲ್ಲಿ ಹೇಳಿಕೊಂಡಿದ್ದಾನೆ. ಆ ‘ಇಲ್ಲ’ಕ್ಕೆ ಬಂಡೆಯ ಮೇಲೆ ಕೊರೆದ ಪ್ರಾಕೃತ ಪದ ‘ನೋ’!

ಅಶೋಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನ ‘ನೋ’ ಎಂಬುದು ‘ನ’ ಮತ್ತು ‘ಉ’ ಸೇರಿ ಆದದ್ದು. ಇಂಗ್ಲಿಷಿನ ‘ನೋ’ ಎಂಬುದು ಹಳೆಯ ‘ನೆ’ಗೆ ‘ಎಂದೆಂದೂ’ ಎಂಬ ಅರ್ಥದ ‘ಆ’ ಅಂಟಿ ಆದದ್ದು. ಎರಡೂ ಬೇರೆ ಬೇರೆ ದಾರಿ ಹಿಡಿದು ಒಂದೇ ಉಚ್ಚಾರಕ್ಕೆ ಬಂದು ನಿಂತಿವೆ. ಹೊರಟದ್ದು ಮಾತ್ರ ಒಂದೇ ಮನೆಯಿಂದ.

ಹಾನಗಲ್ಲಿನ ಅಜ್ಞಾತವಾಸ

ಶಾಸನಗಳ ಪಾನುಂಗಲ್ ಇಂದಿನ ಹಾನಗಲ್ಲು. ಕದಂಬರ ಒಂದು ಶಾಖೆ ಆಳಿದ ಊರು, ತಾರಕೇಶ್ವರ ದೇಗುಲದ ಊರು. ವಿರಾಟನಗರಿ ಎಂಬ ಹೆಸರೂ ಇದಕ್ಕಿದೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂಬುದು ಸ್ಥಳೀಯರ ನಂಬಿಕೆ.

‘ಅಜ್ಞಾತ’ ಪದದ ತಲೆಯ ಮೇಲಿರುವ ‘ಅ’ ಕೂಡ ಅದೇ ‘ನೆ’ಯ ಸಣ್ಣ ರೂಪ. ಪದದ ಮುಂದೆ ಅಂಟಿಕೊಳ್ಳುವಾಗ ಮೂಲಭಾಷೆಯಲ್ಲಿ ಅದರ ಸ್ವರ ಕಳಚಿಹೋಗಿ ಬರೀ ‘ನ್’ ಉಳಿಯುತ್ತಿತ್ತು. ಆ ‘ನ್’ ಸಂಸ್ಕೃತದಲ್ಲೂ ಗ್ರೀಕಿನಲ್ಲೂ ‘ಅ’ ಆಯಿತು, ಲ್ಯಾಟಿನ್ನಿನಲ್ಲಿ ‘ಇನ್’, ಇಂಗ್ಲಿಷ್ ಮತ್ತು ಜರ್ಮನ್‌ನಲ್ಲಿ ‘ಅನ್’, ‘ಉನ್’ ಆಯಿತು. ಸಂಸ್ಕೃತದ ‘ಅಜ್ಞಾತ’, ಗ್ರೀಕಿನ ‘ಅಗ್ನೋತೊಸ್’, ಲ್ಯಾಟಿನ್ನಿನ ‘ಇಗ್ನೋತುಸ್’, ಇಂಗ್ಲಿಷಿನ ‘ಅನ್‌ನೋನ್’ ಸಾಲಾಗಿ ನಿಲ್ಲಿಸಿ ನೋಡಿ. ತಿಳಿಯುವ ಧಾತುವೂ ಒಂದೇ, ಅದರ ಮುಂದೆ ನಿಂತ ನಕಾರವೂ ಒಂದೇ.

ಶಾಲೆಯಲ್ಲಿ ಕಲಿಸುವ ಒಂದು ನಿಯಮ ಇಲ್ಲಿ ನೆನಪಿಗೆ ಬರುತ್ತದೆ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’: ನ್ಯಾಯ-ಅನ್ಯಾಯ, ಅರ್ಹ-ಅನರ್ಹ, ಆರೋಗ್ಯ-ಅನಾರೋಗ್ಯ. ಗ್ರೀಕ್ ವ್ಯಾಕರಣದಲ್ಲೂ ಇದೇ ನಿಯಮವಿದೆ. ಡಾಕ್ಟರು ಚೀಟಿಯಲ್ಲಿ ಬರೆಯುವ ‘ಅನೀಮಿಯಾ’ದ ‘ಅನ್’ ಮತ್ತು ‘ಅನಾರೋಗ್ಯ’ದ ‘ಅನ್’ ಸಹೋದರರು.

[ಚೌಕಟ್ಟು] ‘ಇಲ್ಲ’ ಅಡಗಿ ಕೂತ ಪದಗಳು

• ಅಮೃತ: ‘ಅ’ ಮತ್ತು ‘ಮೃತ’. ಗ್ರೀಕ್ ದೇವತೆಗಳ ಆಹಾರ ‘ಅಂಬ್ರೋಸಿಯಾ’, ಇಂಗ್ಲಿಷಿನ ‘ಇಮ್ಮಾರ್ಟಲ್’ ಎರಡರಲ್ಲೂ ಇದೇ ನಕಾರ, ಇದೇ ಸಾವಿನ ಧಾತು.

• ಡೈಮಂಡ್: ಗ್ರೀಕಿನ ‘ಅದಮಾಸ್’, ಅಂದರೆ ಬಗ್ಗಿಸಲಾಗದ್ದು. ನಮ್ಮ ‘ಅದಮ್ಯ’ದ ಹತ್ತಿರದ ನೆಂಟ.

• ಆಸ್ಬೆಸ್ಟಾಸ್: ಮನೆಯ ಮೇಲೆ ಹೊದಿಸುವ ಶೀಟಿನ ಈ ಹೆಸರಿಗೆ ಗ್ರೀಕಿನಲ್ಲಿ ‘ಆರಿಸಲಾಗದ್ದು’ ಎಂದರ್ಥ.

• ಆಟಂ: ‘ಕತ್ತರಿಸಲಾಗದ್ದು’. ವಿಜ್ಞಾನಿಗಳು ಅದನ್ನು ಒಡೆದ ಮೇಲೂ ಹೆಸರು ಹಾಗೇ ಉಳಿಯಿತು.

• ಅನಾಮಧೇಯ: ಇಂಗ್ಲಿಷಿನ ‘ಅನಾನಿಮಸ್’ ಗ್ರೀಕಿನಿಂದ ಬಂದದ್ದು. ‘ಹೆಸರು’ ಎಂಬ ಅರ್ಥದ ‘ನಾಮ’, ‘ಒನೊಮ’, ‘ನೇಮ್’ ಮೂರೂ ಒಂದೇ ಬೇರಿನವು.

ಒಂದು ‘ಅ’ಕಾರದ ಜಗಳ

ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧತೀರ್ಥರ ವೃಂದಾವನವಿದೆ. 1783ರಲ್ಲಿ ಇಲ್ಲಿ ವೃಂದಾವನಸ್ಥರಾದ ಯತಿಗಳು ಅವರು. ನವಾಬರ ಊರಿನಲ್ಲಿ ಮಾಧ್ವ ಮಠ. ಇಂದಿಗೂ ಭಕ್ತರು ದೂರದೂರಿನಿಂದ ಬರುತ್ತಾರೆ.

ಮಾಧ್ವರ ಮತ ದ್ವೈತ. ದ್ವೈತ, ಅದ್ವೈತಗಳ ಹೆಸರಿನ ನಡುವೆ ಇರುವ ವ್ಯತ್ಯಾಸ ಇದೇ ಪುರಾತನ ನಕಾರ. ಹೆಸರಿನಲ್ಲಷ್ಟೇ ಅಲ್ಲ, ವಾದದಲ್ಲೂ ಅದು ಕೇಂದ್ರಕ್ಕೆ ಬಂದದ್ದುಂಟು. ಛಾಂದೋಗ್ಯ ಉಪನಿಷತ್ತಿನ ‘ತತ್ತ್ವಮಸಿ’ ಜೀವ ಮತ್ತು ಬ್ರಹ್ಮ ಒಂದೇ ಎಂದು ಸಾರುವ ಮಹಾವಾಕ್ಯ ಎಂಬುದು ಅದ್ವೈತಿಗಳ ನಿಲುವು. ಆ ಮಾತಿನ ಹಿಂದೆಯೇ ‘ಆತ್ಮಾ’ ಎಂಬ ಪದವಿದೆ. ಮಧ್ವಾಚಾರ್ಯರು ಸಂಧಿಯನ್ನು ಬೇರೆ ರೀತಿ ಬಿಡಿಸಿದರು. ‘ಆತ್ಮಾ’ದ ದೀರ್ಘದೊಳಗೆ ಒಂದು ‘ಅ’ ಕರಗಿದೆ, ಆದ್ದರಿಂದ ಅದು ‘ತತ್’ ಅಲ್ಲ, ‘ಅತತ್’ ಎಂದರು. ‘ನೀನು ಅದೇ’ ಎಂದಿದ್ದ ವಾಕ್ಯ ‘ನೀನು ಅದಲ್ಲ’ ಎಂದಾಯಿತು.

ಸಂಧಿಯಲ್ಲಿ ಕಾಣದಂತೆ ಕೂತ ಒಂದು ನಕಾರದ ಮೇಲೆ ಶತಮಾನಗಳ ಕಾಲ ಗ್ರಂಥಗಳು, ಪ್ರತಿಗ್ರಂಥಗಳು ಹುಟ್ಟಿದವು.

ನಾಸ್ತಿಯಿಂದ ನಾಸ್ತಿಕ

ಹಿರೇಕೆರೂರು ಸೀಮೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 1200ರ ಒಂದು ಪ್ರಸಿದ್ಧ ಶಾಸನವಿದೆ. ಏಕಾಂತದ ರಾಮಯ್ಯ ಜೈನರೊಂದಿಗೆ ಪಣ ತೊಟ್ಟು, ತಲೆ ಕತ್ತರಿಸಿಕೊಂಡು ಮತ್ತೆ ಪಡೆದ ಕಥೆಯನ್ನು ಅದು ಹೇಳುತ್ತದೆ. ಮತಗಳ ನಡುವೆ ಹೌದು-ಅಲ್ಲಗಳು ಕತ್ತಿಯ ಅಲುಗಿನ ಮೇಲೆ ನಡೆದ ಕಾಲವದು.

ವೇದವನ್ನು ಪ್ರಮಾಣವೆಂದು ಒಪ್ಪದ ಜೈನ, ಬೌದ್ಧ, ಚಾರ್ವಾಕರನ್ನು ವೈದಿಕ ಪರಂಪರೆ ‘ನಾಸ್ತಿಕ’ರೆಂದು ಕರೆಯಿತು. ‘ನ’ ಮತ್ತು ‘ಅಸ್ತಿ’ ಸೇರಿ ‘ನಾಸ್ತಿ’, ಎಂದರೆ ‘ಇಲ್ಲ’. ‘ಇಲ್ಲ’ ಎನ್ನುವವನು ನಾಸ್ತಿಕ. ಒಂದು ಇಡೀ ವಾಕ್ಯವೇ ಮನುಷ್ಯರ ಗುಂಪಿಗೆ ಹೆಸರಾಗಿ ಕೂತಿತು.

‘ನಾಸ್ತಿ’ ಪಾಳಿ, ಪ್ರಾಕೃತಗಳಲ್ಲಿ ‘ನತ್ಥಿ’ ಎಂದಾಯಿತು. ಮರಾಠಿಯ ‘ನಾಹೀ’ಯನ್ನು ವಿದ್ವಾಂಸರು ಹೀಗೆಯೇ ‘ನ’ ಮತ್ತು ‘ಇರು’ ಅರ್ಥದ ಕ್ರಿಯಾಪದವಾಗಿ ಬಿಡಿಸುತ್ತಾರೆ. ರಷ್ಯನ್ನರ ‘ನ್ಯೆತ್’ ಕೂಡ ಇದೇ ಜಾಡಿನದು. ‘ಇಲ್ಲಿ ಇಲ್ಲ’ ಎಂಬ ಅರ್ಥದ ಮೂರು ಪದಗಳ ಹಳೆಯ ವಾಕ್ಯ ಮುದುಡಿ ಒಂದು ಪದವಾಗಿದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಕ್ರಾಫ್ಟ್ 1991ರಲ್ಲಿ ಇದನ್ನೊಂದು ಚಕ್ರವಾಗಿ ವಿವರಿಸಿದರು. ವಸ್ತು ‘ಇಲ್ಲ’ ಎಂದು ಹೇಳುವ ಪದ ನಿಧಾನಕ್ಕೆ ಎಲ್ಲ ಕ್ರಿಯೆಗಳ ನಿರಾಕರಣೆಗೂ ಒದಗತೊಡಗುತ್ತದೆ. ಹೊಸಗನ್ನಡದಲ್ಲೂ ಇದೇ ನಡೆದಿದೆ. ‘ಹಣ ಇಲ್ಲ’ ಎನ್ನುವ ‘ಇಲ್ಲ’ವೇ ‘ಬರಲಿಲ್ಲ’, ‘ಹೋಗುವುದಿಲ್ಲ’ಗಳ ಬಾಲಕ್ಕೂ ಬಂದು ಸೇರಿದೆ.

ಕಾಳು, ಹನಿ, ಹೆಜ್ಜೆ

ನಕಾರಗಳು ಸವೆಯುತ್ತವೆ. ಒತ್ತಿ ಹೇಳಬೇಕೆನಿಸಿದಾಗ ಬರೀ ‘ಇಲ್ಲ’ ಸಾಲುವುದಿಲ್ಲ. ‘ಮನ್ಯಾಗ ಒಂದ್ ಕಾಳಿಲ್ಲ’, ‘ಒಂದ್ ಹನಿ ನೀರಿಲ್ಲ’, ‘ಎಳ್ಳಷ್ಟೂ ನಂಬಿಕಿ ಇಲ್ಲ’ ಎನ್ನುತ್ತೇವೆ. ಯುರೋಪಿನವರೂ ಹೀಗೇ ಮಾಡಿದರು. ಅಲ್ಲಿ ಮಾತ್ರ ಕಾಳು, ಹನಿಗಳೇ ಕೊನೆಗೆ ‘ಇಲ್ಲ’ದ ಗಾದಿಯನ್ನು ಏರಿಬಿಟ್ಟವು!

ಫ್ರೆಂಚರ ಹಳೆಯ ನಕಾರ ‘ನ’. ಅದಕ್ಕೆ ಬಲ ಕೊಡಲು ಹನಿ ಎಂಬ ಅರ್ಥದ ‘ಗೂತ್’, ರೊಟ್ಟಿಯ ಚೂರು ಎಂಬ ಅರ್ಥದ ‘ಮೀ’, ಹೆಜ್ಜೆ ಎಂಬ ಅರ್ಥದ ‘ಪಾ’ ಮುಂತಾದವನ್ನು ಸೇರಿಸುತ್ತಿದ್ದರು. ‘ಒಂದು ಹೆಜ್ಜೆಯೂ ನಡೆಯೆ’ ಎಂಬಂಥ ಮಾತುಗಳಿಂದ ಹೊರಟ ‘ಪಾ’ ಉಳಿದವನ್ನು ಹಿಂದೆ ಹಾಕಿತು. ಇಂದು ಪ್ಯಾರಿಸ್ಸಿನ ಬೀದಿಯಲ್ಲಿ ಜನ ಮಾತಾಡುವಾಗ ‘ನ’ ಅನೇಕ ವೇಳೆ ಮಾಯವಾಗಿ, ‘ಪಾ’ ಒಂದೇ ನಿರಾಕರಣೆಯ ಭಾರ ಹೊರುತ್ತದೆ.

ಲ್ಯಾಟಿನ್ನಿನ ‘ನೋನ್’ ಎಂಬುದು ‘ಒಂದೂ ಇಲ್ಲ’ ಎಂಬುದರಿಂದ ಹುಟ್ಟಿತು. ‘ನಿಹಿಲ್’ ಎಂಬುದು ‘ಒಂದು ಹೀಲುಮ್ ಕೂಡ ಇಲ್ಲ’ ಎಂಬುದರಿಂದ. ಹೀಲುಮ್ ಎಂದರೆ ಅವರೆಯಂಥ ಕಾಳಿಗೆ ಅಂಟಿಕೊಂಡಿರುವ ಚೂರು ಎಂದು ಹಳೆಯ ರೋಮನ್ ವಿದ್ವಾಂಸರು ವಿವರಿಸಿದ್ದಾರೆ. ಇಂಗ್ಲಿಷಿನ ‘ನಾಟ್’, ಜರ್ಮನ್ನಿನ ‘ನಿಖ್ಟ್’ ಎರಡೂ ‘ಯಾವ ವಸ್ತುವೂ ಇಲ್ಲ’ ಎಂಬುದರ ಕುಗ್ಗಿದ ರೂಪಗಳು. ಡೆನ್ಮಾರ್ಕಿನ ವಿದ್ವಾಂಸ ಓಟೊ ಯೆಸ್ಪರ್ಸನ್ 1917ರಲ್ಲಿ ಈ ಸವೆತ, ಬಲವರ್ಧನೆ, ಪದಚ್ಯುತಿಗಳ ಸುತ್ತನ್ನು ಸಾಧಾರವಾಗಿ ತೋರಿಸಿದರು. 1979ರಲ್ಲಿ ಸ್ವೀಡನ್ನಿನ ಓಸ್ಟೆನ್ ಡಾಲ್ ಇದಕ್ಕೆ ‘ಯೆಸ್ಪರ್ಸನ್ ಚಕ್ರ’ ಎಂದು ಹೆಸರಿಟ್ಟರು.

ಇವೆಲ್ಲಕ್ಕಿಂತ ಸೋಜಿಗದ್ದು ಗ್ರೀಕಿನ ಕಥೆ. ಹಳೆಯ ಗ್ರೀಕರ ‘ಊ’ ಎಂಬ ನಕಾರದಲ್ಲಿ ‘ನ’ದ ಸುಳಿವೇ ಇಲ್ಲ. ಅದು ಎಲ್ಲಿಂದ ಬಂತೆಂದು ಪಂಡಿತರು ಬಹುಕಾಲ ತಲೆ ಕೆರೆದುಕೊಂಡರು. 1960ರಲ್ಲಿ ಅಮೆರಿಕದ ವಾರೆನ್ ಕೌಗಿಲ್ ಒಂದು ವಿವರಣೆ ಮುಂದಿಟ್ಟರು. ಮೊದಲಿಗೆ ಅದು ‘ಆಯುಷ್ಯದಲ್ಲೇ ಇಲ್ಲ’ ಎಂಬ ಅರ್ಥದ ಮಾತಾಗಿತ್ತು, ಕ್ರಮೇಣ ‘ಇಲ್ಲ’ ಉದುರಿಹೋಗಿ ‘ಆಯುಷ್ಯ’ ಮಾತ್ರ ಉಳಿಯಿತು ಎಂದರು. ಸಂಸ್ಕೃತದ ‘ಆಯು’ವಿನ ಬೇರೇ ಅದು. ‘ಜನ್ಮದಾಗ ಮಾಡಂಗಿಲ್ಲ’ ಎಂದು ಹಾವೇರಿ ಕಡೆಯವರು ಆಣೆಯಿಟ್ಟಂತೆ ಹೇಳುವ ಮಾತಿನಿಂದ ‘ಮಾಡಂಗಿಲ್ಲ’ ಬಿದ್ದುಹೋಗಿ, ‘ಜನ್ಮ’ ಎಂದರೇ ‘ಇಲ್ಲ’ ಎಂದಾದರೆ ಹೇಗಿರುತ್ತದೋ ಹಾಗೆ.

[ಚೌಕಟ್ಟು] ಮೋಸ ಹೋಗಬೇಡಿ

• ಇಂದಿನ ಗ್ರೀಕಿನಲ್ಲಿ ‘ನೆ’ ಎಂದರೆ ಹೌದು! ಇಲ್ಲ ಎನ್ನಲು ‘ಓಹಿ’.

• ಲ್ಯಾಟಿನ್ನಿನ ‘ವೋಲೋ’ ಎಂದರೆ ಬಯಸುತ್ತೇನೆ, ‘ನೋಲೋ’ ಎಂದರೆ ಒಲ್ಲೆ. ಕನ್ನಡದ ‘ಒಲ್’ ಧಾತುವಿಗೂ ಇದಕ್ಕೂ ಸದ್ದಿನಲ್ಲಿ, ಅರ್ಥದಲ್ಲಿ ಹೋಲಿಕೆಯಿದೆ. ನೆಂಟಸ್ತನ ಮಾತ್ರ ಇಲ್ಲ, ಬರೀ ಕಾಕತಾಳೀಯ.

• ‘ನಾರಾಜು’, ‘ನಾಲಾಯಕ್ಕು’ಗಳ ‘ನಾ’ ಪರ್ಷಿಯನ್ನಿನದು, ಸಂಸ್ಕೃತದ ‘ನ’ದ ದಾಯಾದಿ. ಸೊಸೈಟಿ ಕೊಡುವ ‘ಬೇಬಾಕಿ’ ಪತ್ರದ ‘ಬೇ’ ಕೂಡ ಪರ್ಷಿಯನ್ನಿನದೇ, ಆದರೆ ಬೇರು ಬೇರೆ. ‘ಗೈರುಹಾಜರಿ’ಯ ‘ಗೈರು’, ‘ಲಾಚಾರು’ ಎಂಬಲ್ಲಿನ ‘ಲಾ’ ಅರಬ್ಬಿಯಿಂದ ಬಂದವು, ಅವುಗಳ ಕುಟುಂಬವೇ ಬೇರೆ.

ಕನ್ನಡದ ದಾರಿ: ಬಾಲದಲ್ಲಿ ನ್ಯಾಯ

ಸಂಸ್ಕೃತದಲ್ಲಿ ನಕಾರ ಸಾಮಾನ್ಯವಾಗಿ ಕ್ರಿಯಾಪದದ ಮುಂದೆ ನಿಲ್ಲುತ್ತದೆ. ಕನ್ನಡದಲ್ಲಿ ವಾಕ್ಯದ ಕೊನೆಯವರೆಗೂ ಕಾಯಬೇಕು. ‘ನಿಮ್ಮ ಕೆಲಸ ನಾಳೆ ಮಾಡಿ ಕೊಡೂದು...’ ಎಂದು ಕಚೇರಿಯ ಗುಮಾಸ್ತ ರಾಗ ಎಳೆದಾಗ ಎದುರಿಗಿರುವವನ ಜೀವವೆಲ್ಲ ‘ಐತಿ’ ಬರುತ್ತದೋ ‘ಇಲ್ಲ’ ಬರುತ್ತದೋ ಎಂಬಲ್ಲಿ ಸಿಕ್ಕಿಕೊಂಡಿರುತ್ತದೆ.

ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬುದನ್ನು 1816ರಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ತೋರಿಸಿಕೊಟ್ಟರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದಕ್ಕೆ ವ್ಯಾಕರಣದ ಬಲ ತುಂಬಿದರು. ನಕಾರಗಳಲ್ಲಿ ಆ ಪ್ರತ್ಯೇಕತೆ ಎದ್ದು ಕಾಣುತ್ತದೆ. ತಮಿಳಿನ ‘ಇಲ್ಲೈ’, ಮಲಯಾಳದ ‘ಇಲ್ಲ’, ತುಳುವಿನ ‘ಇಜ್ಜಿ’, ತೆಲುಗಿನ ‘ಲೇದು’ ಎಲ್ಲವೂ ಕನ್ನಡದ ‘ಇಲ್ಲ’ದ ಒಡಹುಟ್ಟುಗಳು. ಇವುಗಳಲ್ಲಿ ಯಾವುದಕ್ಕೂ ‘ನ’ದ ಸೋಂಕಿಲ್ಲ.

ಹಳಗನ್ನಡದ ನಿಷೇಧ ಇನ್ನೂ ಚಮತ್ಕಾರದ್ದು. ‘ಮಾಡುವೆನು’ ಎಂಬುದರಿಂದ ಕಾಲ ಸೂಚಿಸುವ ‘ವ’ವನ್ನು ಕಿತ್ತು ‘ಮಾಡೆನು’ ಎನ್ನಿ. ಅರ್ಥ ತಿರುವುಮುರುವಾಯಿತು. ನಿರಾಕರಣೆಗೆಂದು ಏನನ್ನೂ ಸೇರಿಸಿಲ್ಲ, ಇದ್ದದ್ದೊಂದನ್ನು ತೆಗೆಯಲಾಗಿದೆ. ಕಾಲವಾಚಿ ಪ್ರತ್ಯಯ ಹೋದದ್ದರಿಂದ ಅದಕ್ಕೆ ಕಾಲದ ಹಂಗೂ ತಪ್ಪಿತು. ಮಾಡಲಿಲ್ಲ, ಮಾಡುವುದಿಲ್ಲ, ಮುಂದೆಯೂ ಮಾಡಲಾರೆ, ಮೂರನ್ನೂ ಅದೊಂದೇ ಹೇಳಬಲ್ಲದು. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಇದು ಜೀವಂತ ರೂಪ. ಈಗ ‘ಒಲ್ಲೆ’, ‘ಅರಿಯೆ’, ‘ಕೂಡದು’, ‘ಬಾರದು’, ‘ಸಾಲದು’ ಇಂಥ ಕೆಲವು ಕ್ರಿಯೆಗಳಲ್ಲಿ ಮಾತ್ರ ಉಳಿದಿದೆ. ‘ತಾಳಲಾರೆ’ಯ ಕೊನೆಯಲ್ಲಿರುವ ‘ಆರೆ’ ಕೂಡ ‘ಶಕ್ತನಾಗು’ ಎಂಬ ಅರ್ಥದ ‘ಆರ್’ ಧಾತುವಿನ ನಿಷೇಧವೇ.

ಹಾವೇರಿ, ಧಾರವಾಡ ಸೀಮೆ ಇದೇ ಹಳೆಯ ಸಾಮಗ್ರಿಯಿಂದ ಹೊಸದೊಂದನ್ನು ಕಟ್ಟಿಕೊಂಡಿದೆ. ‘ಮಳಿ ಬರವಲ್ದು.’ ‘ಗಾಡಿ ಚಾಲೂ ಆಗವಲ್ದು.’ ‘ಹುಡುಗ ಉಣ್ಣವಲ್ಲ.’ ಇಲ್ಲಿರುವುದು ‘ಒಲ್ಲದು’, ‘ಒಲ್ಲ’. ಬರಲು ಒಪ್ಪದ ಮಳೆ, ಹೊರಡಲು ಮನಸ್ಸಿಲ್ಲದ ಗಾಡಿ! ಬೆಂಗಳೂರಿನವರು ‘ಬರ್ತಾ ಇಲ್ಲ’ ಎಂದು ವರದಿ ಒಪ್ಪಿಸುವಲ್ಲಿ ಹಾನಗಲ್ಲಿನ ರೈತ ಮಳೆಯ ಹಟವನ್ನೇ ಮಾತಿಗೆ ತರುತ್ತಾನೆ. ಇಂಗ್ಲಿಷಿನ ‘ವೋಂಟ್’ನಲ್ಲೂ ಬಯಕೆಯ ಧಾತುವೇ ಇದೆ. ಬಾಗಿಲು ತೆರೆಯದಿದ್ದಾಗ ಅವರೂ ಬಾಗಿಲಿಗೆ ಇಚ್ಛೆಯಿಲ್ಲವೆಂದೇ ಹೇಳುತ್ತಾರೆ.

ದೇಹ ಉತ್ತರದ್ದು, ನಡಿಗೆ ದಕ್ಷಿಣದ್ದು

ಈಗ ‘ನಕ್ಕೋ’ ಕಡೆಗೆ ಬರೋಣ. ಸವಣೂರಿನ ನವಾಬರು ಮಿಯಾನಾ ಪಠಾಣರು. ಬಿಜಾಪುರದ ಆದಿಲ್‌ಶಾಹಿಗಳ ಸೇವೆಯಲ್ಲಿದ್ದು ಬಂಕಾಪುರ ಸೀಮೆಯಲ್ಲಿ ನೆಲೆಯೂರಿದ ಮನೆತನ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯ ಸವಣೂರಿಗೆ ಮುತ್ತಿಗೆ ಹಾಕಿದ. ಆಮೇಲೆ ಹೈದರ್, ಟಿಪ್ಪು, ಮತ್ತೆ ಮರಾಠರು, ಕೊನೆಗೆ ಬ್ರಿಟಿಷರು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ದರ್ಬಾರಿನ ಪರ್ಷಿಯನ್, ಮನೆಮಾತಿನ ದಖ್ಖನಿ ಉರ್ದು, ದಫ್ತರದ ಮರಾಠಿ, ಊರಿನ ಕನ್ನಡ, ಇವು ತಲೆಮಾರುಗಟ್ಟಲೆ ಒಂದೇ ಓಣಿಯಲ್ಲಿ ಓಡಾಡಿವೆ.

ದೆಹಲಿ, ಲಖನೌಗಳ ಉರ್ದುವಿನಲ್ಲಿ ‘ನಕ್ಕೋ’ ಇಲ್ಲ. ದಖ್ಖನಿಗೆ ಅದು ಮರಾಠಿಯ ‘ನಕೋ’ದಿಂದ ಬಂತು. ದೆಹಲಿ, ಲಖನೌದವರು ತಮಗೆ ಬೇಡವಾದರೆ ‘ನಹೀಂ ಚಾಹಿಯೇ’ ಎನ್ನುತ್ತಾರೆ, ಇನ್ನೊಬ್ಬರನ್ನು ತಡೆಯಲು ‘ಮತ್ ಜಾಓ’ ಎನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಮಾತು. ಸವಣೂರಿನವರಿಗೆ ಒಂದೇ ಸಾಕು: ‘ಮೇರೆಕು ನಕ್ಕೋ’, ‘ನಕ್ಕೋ ಜಾ’.

ಇದನ್ನು ಕನ್ನಡದಲ್ಲಿ ಹೇಳಿ ನೋಡಿ. ‘ನನಗ ಬ್ಯಾಡ’, ‘ಹೋಗಬ್ಯಾಡ’. ಅಲ್ಲೂ ಒಂದೇ ಪದ ಎರಡು ಕೆಲಸ ಮಾಡುತ್ತಿದೆ. ‘ಬೇಡು’ ಎಂಬ ಧಾತುವಿನ ನಿಷೇಧವಾದ ‘ಬೇಡ’ ಇಷ್ಟವಿಲ್ಲದ್ದನ್ನೂ ಹೇಳುತ್ತದೆ, ಅಪ್ಪಣೆಯನ್ನೂ ಹೇಳುತ್ತದೆ. ಮರಾಠಿಯ ‘ಮಲಾ ನಕೋ’, ‘ಜಾಊ ನಕೋ’ಗಳದೂ ಇದೇ ವರಸೆ. ಪದದ ಬೇರು ಇಂಡೋ-ಯುರೋಪಿಯನ್, ಬಳಕೆಯ ಎರಕ ದ್ರಾವಿಡ. ನೆರೆಮನೆಯವರು ಪದಗಳನ್ನಷ್ಟೇ ಸಾಲ ಪಡೆಯುವುದಿಲ್ಲ, ‘ಇಲ್ಲ’ ಎನ್ನುವ ಕ್ರಮವನ್ನೂ ಪಡೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

[ಚೌಕಟ್ಟು] ಮೂರು ಕೆಲಸ, ಎಷ್ಟು ಪದ?

ವಸ್ತು ಇಲ್ಲ – ಅದು ಇದಲ್ಲ – ಅದು ಬೇಡ

ಕನ್ನಡ: ಇಲ್ಲ – ಅಲ್ಲ – ಬೇಡ
ಮಲಯಾಳ: ಇಲ್ಲ – ಅಲ್ಲ – ವೇಂಡ
ತುಳು: ಇಜ್ಜಿ – ಅತ್ತ್ – ಬೊಡ್ಚಿ
ತೆಲುಗು: ಲೇದು – ಕಾದು – ವದ್ದು
ಕೊಂಕಣಿ: ನಾ – ನ್ಹಯ್ – ನಾಕಾ
ಮರಾಠಿ: ನಾಹೀ – ನವ್ಹೇ – ನಕೋ
ಹಿಂದಿ: ನಹೀಂ – ನಹೀಂ – ನಹೀಂ ಚಾಹಿಯೇ

ದಕ್ಷಿಣದ ನೆರೆಯಲ್ಲಿರುವ ಕೊಂಕಣಿ, ಮರಾಠಿಗಳು ಮೂರು ಕೆಲಸಕ್ಕೆ ಮೂರು ಪದ ಇಟ್ಟುಕೊಂಡಿವೆ. ಉತ್ತರದ ಹಿಂದಿ ಒಂದರಲ್ಲೇ ತೂಗಿಸುತ್ತದೆ.

ಇಂಥ ಬೆರಕೆಯ ಪ್ರಸಿದ್ಧ ಅಧ್ಯಯನ ನಡೆದದ್ದು ಸವಣೂರಿನಿಂದ ಉತ್ತರಕ್ಕೆ, ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ. ಕನ್ನಡ, ಮರಾಠಿ, ಉರ್ದು ಮಾತನಾಡುವವರು ಶತಮಾನಗಳಿಂದ ಒಟ್ಟಿಗಿದ್ದ ಆ ಊರಿನ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದರು. ಪದಗಳು ಬೇರೆ ಬೇರೆಯಾಗಿಯೇ ಉಳಿದಿವೆ, ವಾಕ್ಯ ಕಟ್ಟುವ ಕ್ರಮ ಮಾತ್ರ ಬಹುಮಟ್ಟಿಗೆ ಒಂದೇ ಆಗಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿತ್ತು. ಎಂ.ಬಿ. ಎಮಿನೋ 1956ರಲ್ಲಿಯೇ ಇಡೀ ಭಾರತವನ್ನು ಒಂದು ‘ಭಾಷಾವಲಯ’ ಎಂದು ಕರೆದಿದ್ದರು.

ನಕಾರದ ಜಾಗವೂ ಆ ವಲಯದಲ್ಲಿ ಸರಿದಾಡಿದೆ. ಮರಾಠಿಯ ‘ನಾಹೀ’ ವಾಕ್ಯದ ಕೊನೆಗೆ ಹೋಗಿ ಕೂತಿತು. ಮಾತೃಭಾಷಾ ದಿನಕ್ಕೆ ಕಾರಣವಾದ ಬಂಗಾಳಿಯಲ್ಲೂ ‘ನಾ’ ಬರುವುದು ಕ್ರಿಯಾಪದದ ಆಚೆಗೆ. ‘ಗೊತ್ತಿಲ್ಲ’ ಎನ್ನಲು ಬಂಗಾಳಿಗಳು ‘ಜಾನಿ ನಾ’ ಎನ್ನುತ್ತಾರೆ.

ಶಿಗ್ಗಾಂವಿಯಲ್ಲಿ ಆಗಬಹುದಾದ ಕೆಲಸ

ಶಿಗ್ಗಾಂವಿ ತಾಲ್ಲೂಕು ಕನಕದಾಸರು ಹುಟ್ಟಿದ ಬಾಡದ ತಾಲ್ಲೂಕು, ಸಂತ ಶಿಶುನಾಳ ಶರೀಫರ (1819–1889) ತಾಲ್ಲೂಕು. ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಕನ್ನಡದಲ್ಲಿ ತತ್ವಪದ ಹಾಡಿದ ಶರೀಫರಲ್ಲಿ ಈ ಸೀಮೆಯ ಆಡುಮಾತು ಹಾಗೇ ಉಳಿದು ಬಂದಿದೆ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ.

ಹಾಡು, ಕಥೆ, ಒಗಟುಗಳನ್ನು ಸಂಗ್ರಹಿಸುವ ರೂಢಿ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ಜನ ಹೇಗೆ ನಿರಾಕರಿಸುತ್ತಾರೆ ಎಂಬುದನ್ನು ಯಾರೂ ಅಷ್ಟು ಮನಸ್ಸಿಟ್ಟು ಬರೆದುಕೊಂಡಿಲ್ಲ. ಮನೆಗೆ ಬಂದವರಿಗೆ ನೋವಾಗದಂತೆ ‘ಇಲ್ಲ’ ಹೇಳುವ ಮಾತುಗಳಿವೆ, ಸಾಲ ಕೇಳಿದವನನ್ನು ಸಾಗಹಾಕುವ ಮಾತುಗಳಿವೆ, ನಾಲಿಗೆ ಲೊಚಗುಟ್ಟಿ ‘ಚ್ಚ್’ ಎಂದು ಮುಗಿಸುವ ರೀತಿಯೂ ಇದೆ. ಶಾಲೆಯ ಪುಸ್ತಕದ ಭಾಷೆ ‘ಬರುತ್ತಿಲ್ಲ’ ಎಂದು ಕಲಿಸುತ್ತದೆ, ‘ಬರವಲ್ದು’ ಎಂದು ಬರೆದ ಹುಡುಗನ ಉತ್ತರಪತ್ರಿಕೆಗೆ ಕೆಂಪು ಗೆರೆ ಬೀಳುತ್ತದೆ. ತಾಂಡಾದ ಮಕ್ಕಳು ಕನ್ನಡ ಶಾಲೆಯಲ್ಲಿ, ದಖ್ಖನಿ ಮನೆಯ ಮಕ್ಕಳು ಕನ್ನಡ ಅಥವಾ ಪುಸ್ತಕದ ಉರ್ದುವಿನಲ್ಲಿ ಓದುತ್ತಾರೆ. ಜನಗಣತಿಯ ಪಟ್ಟಿಯಲ್ಲಿ ಲಂಬಾಣಿಯ ಲೆಕ್ಕ ಹಿಂದಿಯ ಖಾತೆಗೆ ಸೇರುತ್ತದೆ. ಹೀಗಿರುವಾಗ ‘ಕೋನಿ’, ‘ನಕ್ಕೋ’ಗಳನ್ನು ದಾಖಲಿಸುವವರು ಯಾರು?

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಗೊಟಗೋಡಿಯ ವಿದ್ಯಾರ್ಥಿಗಳು ನಾಲ್ಕೂ ತಾಲ್ಲೂಕುಗಳ ಸಂತೆ, ತಾಂಡಾ, ಮಠ, ಮಸೀದಿಗಳ ಅಂಗಳದಲ್ಲಿ ಮೊಬೈಲ್ ಹಿಡಿದು ಕೂತರೆ ಒಂದು ವರ್ಷದಲ್ಲಿ ಹಾವೇರಿ ಜಿಲ್ಲೆಯ ‘ನಕಾರಕೋಶ’ ಸಿದ್ಧವಾದೀತು. ಮೇಷ್ಟ್ರುಗಳು ‘ಬರವಲ್ದು’ ಎಂಬುದಕ್ಕೆ ಕೆಂಪು ಗೆರೆ ಎಳೆಯುವ ಬದಲು ಪಕ್ಕದಲ್ಲಿ ಅದರ ಹುಟ್ಟನ್ನು ಎರಡು ಸಾಲಿನಲ್ಲಿ ಬರೆದು ಕೊಡಲಿ. ಓದುಗರೂ ಇಂದೇ ತಮ್ಮ ಮನೆಯ ಹಿರಿಯರು ‘ಇಲ್ಲ’ ಎನ್ನಲು ಬಳಸುವ ಮಾತುಗಳನ್ನು, ಯಾವ ಊರು, ಯಾವ ಸಂದರ್ಭ ಎಂಬುದರ ಸಮೇತ ಒಂದು ಹಾಳೆಯಲ್ಲಿ ಬರೆದಿಡಲು ತೊಡಗಬಹುದು.